ಮಾವನವರು ತಮಗೆಂದು ಕಟ್ಟಿಸಿದ ಸಮಾಧಿ

ನಮ್ಮ ಮಾವನವರು ತಮ್ಮ ಸಮಾಧಿಯನ್ನು ತಾವೇ ಕಟ್ಟಿಸಿಕೊಳ್ಳುತ್ತೇನೆ ಎಂದು ಹೇಳಿದ್ದು ಒಂದು ಭಾನುವಾರ, ಅವಲಕ್ಕಿ ತಿನ್ನುತ್ತಿದ್ದಾಗ. ಹೊಲಕ್ಕೆ ಹೊಸ ಪೈಪು ಹಾಕಿಸಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದರು. ನಾನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಚಹಾ ಸೋಸುತ್ತಿದ್ದೆ. ಆ ಶಬ್ದ ಕಿವಿಗೆ ಬಿದ್ದದ್ದೇ ಅರ್ಧ ಚಹಾ ಹೊರಗೆ ಚೆಲ್ಲಿತು.

"ಏನಂದಿ ಅಪ್ಪಾ?" ಎಂದು ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿದರು.

"ಮಸಗುಪ್ಪಿ ಹೊಲದಾಗ, ನಿಮ್ಮವ್ವನ ಬಾಜೂಕ, ನಂದೂ ಒಂದ ಕಟ್ಟಿಸಿ ಇಟ್ಟಬಿಡೂಣು ಅಂದೆ. ಆಮ್ಯಾಲ ನೀವೆಲ್ಲಿ ಓಡ್ಯಾಡ್ತೀರಿ."

"ಮಂದಿ ಏನಂದಾರು? ಮಗಾ ಒಂದ ಕುಣಿ ತಗ್ಯಾಕೂ ಒಲ್ಲೆ ಅಂದಾ ಅಂತಾರ."

"ಮಂದಿ ಅನ್ಲಿ ಬಿಡು. ನಿಮ್ಮವ್ವನ ಕುಣ್ಯಾಗ ನೀರ ಬಂದದ್ದ ಮರತಿ ಏನ?"

ಅದನ್ನು ಯಾರೂ ಮರೆತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಕೂರಿಸಿ, ಮಣ್ಣು ಮಾಡುತ್ತೇವೆ. ನಮ್ಮ ಅತ್ತೆ ತೀರಿಕೊಂಡದ್ದು ಹೊಳೆ ತುಂಬಿ ಹರಿಯುತ್ತಿದ್ದ ಮಳೆಗಾಲದಲ್ಲಿ. ತೋಡಿದ ಕುಣಿಯಲ್ಲಿ ಸುತ್ತಲಿಂದ ನೀರು ಒಸರಿ ಬರುತ್ತಿತ್ತು. ಗಂಡಸರು ಬಕೀಟಿನಿಂದ ಎತ್ತಿ ಎತ್ತಿ ಹಾಕಿದಷ್ಟೂ ಬರುತ್ತಿತ್ತು. ಕಡೆಗೆ ಕೆಸರಿನಲ್ಲೇ ಅವರನ್ನು ಕೂರಿಸಬೇಕಾಯಿತು. ಮಾವನವರು ಕುಣಿಯ ಅಂಚಿನಲ್ಲಿ ನಿಂತು, "ಸೀರಿ ತೋಯಾಕತ್ತೇತಿ, ಸೀರಿ ತೋಯಾಕತ್ತೇತಿ" ಎಂದು ಅಷ್ಟನ್ನೇ ಅನ್ನುತ್ತಿದ್ದರು.

ಹಾಗೆಂದು ಅವರು ಪುಕ್ಕಲರಲ್ಲ. ಊರಿನಲ್ಲಿ ಯಾರೇ ಸತ್ತರೂ ಮೊದಲು ಕರೆ ಬರುತ್ತಿದ್ದುದು ಅವರಿಗೆ. ಹೆಣಕ್ಕೆ ಸ್ನಾನ ಮಾಡಿಸುವುದು, ವಿಭೂತಿ ಹಚ್ಚುವುದು, ಗೋಡೆಗೆ ಆನಿಸಿ ಕತ್ತು ವಾಲದಂತೆ ಬಟ್ಟೆ ಕಟ್ಟಿ ಕೂರಿಸುವುದು, ಎಲ್ಲವನ್ನೂ ಒಂದಿಷ್ಟೂ ಮುಖ ಕಿವುಚದೆ ಮಾಡುತ್ತಿದ್ದರು. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, "ಇವತ್ತ ಏನ್ ಪಲ್ಯಾ ಮಾಡೀದಿ ಯವ್ವಾ?" ಎಂದು ನನ್ನನ್ನು ಕೇಳಿದರೆ ಮುಗಿಯಿತು. ನಾವು ನನ್ನ ಗಂಡನ ಮೋಟರ್ ರಿಪೇರಿ ಅಂಗಡಿಗಾಗಿ ಗೋಕಾಕಕ್ಕೆ ಬಂದು ಮನೆ ಮಾಡಿದ ಮೇಲೂ ದಿನಾ ಮೊದಲ ಬಸ್ಸಿಗೆ ನಮ್ಮೂರು ಮಸಗುಪ್ಪಿಯ ಹೊಲಕ್ಕೆ ಹೋಗಿ ಬರುತ್ತಿದ್ದರು. ಎಂಬತ್ತರ ಹತ್ತಿರದ ಮನುಷ್ಯ.

ಅಂಜುಬುರುಕಿ ಎಂದರೆ ನಾನು. ನನ್ನ ಅಂಜಿಕೆಗೆ ಆಗ ಒಂದು ವರ್ಷವಾಗುತ್ತ ಬಂದಿತ್ತು.

ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗೋಕಾಕದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಶಾಲೆಯಲ್ಲಿ ಒಬ್ಬ ಚಿತ್ರಕಲಾ ಶಿಕ್ಷಕರಿದ್ದರು, ನನಗಿಂತ ಸಣ್ಣವರು. ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಅವರ ಕುರ್ಚಿ. ಒಂದು ಶುಕ್ರವಾರ ಸಂಜೆ ಎಲ್ಲರೂ ಚುರುಮುರಿ ತಿಂದೆವು. ಉಳ್ಳಾಗಡ್ಡಿ ಹೆಚ್ಚಿದ್ದು ಅವರೇ. ಶನಿವಾರ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದಾಗ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಯಾರೋ ಆಗಲೇ ಫೋಟೋಗೆ ಹಾರದ ಚಿತ್ರ ಸೇರಿಸಿಬಿಟ್ಟಿದ್ದರು. ಹಲ್ಲುಜ್ಜುತ್ತ ನಿಂತವರು ಕುಸಿದರಂತೆ. ಅವರ ನೀರಿನ ಬಾಟಲಿ ಬಹಳ ದಿನ ಮೇಜಿನ ಮೇಲೆ ಹಾಗೇ ಇತ್ತು, ಅರ್ಧ ನೀರಿನ ಸಮೇತ. ಎತ್ತಿಡಲು ಯಾರಿಗೂ ಮನಸ್ಸಾಗಲಿಲ್ಲ.

ಅದಾಗಿ ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಬಸ್ಸು ಕೊಣ್ಣೂರ ದಾಟುವಾಗ, ನನ್ನ ಎದೆ ಇದ್ದಕ್ಕಿದ್ದಂತೆ ದಬದಬ ಹೊಡೆದುಕೊಳ್ಳತೊಡಗಿತು. ಕೈ ಜುಮ್ಮೆಂದಿತು, ಉಸಿರು ಸಾಲದಾಯಿತು. ಕಿಟಕಿಯ ಹೊರಗಿನ ಕಬ್ಬು, ಕಬ್ಬಿನ ಟ್ರ್ಯಾಕ್ಟರು, ರಸ್ತೆ ಎಲ್ಲ ದೂರ ಸರಿದಂತೆ ಕಂಡವು. ಆಯಿತು, ನನ್ನದೂ ಮುಗಿಯಿತು ಅಂದುಕೊಂಡೆ. ಪಕ್ಕದಲ್ಲಿ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಕೂತಿದ್ದರು. ದಿನಾ ನನ್ನ ಜೊತೆ ಓಡಾಡುವ ಗೆಳತಿ. ಅವರೇ ಬಸ್ಸು ನಿಲ್ಲಿಸಿ ಇಳಿಸಿ, ರಿಕ್ಷಾ ಹಿಡಿದು ದವಾಖಾನೆಗೆ ಕರೆದೊಯ್ದರು. ಇಸಿಜಿ ತೆಗೆದರು. "ಏನೂ ಇಲ್ರಿ ಬಾಯಾರ, ಹಾರ್ಟ್ ಚೊಲೋ ಐತಿ" ಎಂದರು. ನಾಚಿಕೆಯಾಯಿತು. ಮುಂದಿನ ವಾರ ಮತ್ತೆ ಬಂತು. ಮತ್ತೆ ಇಸಿಜಿ, ಮತ್ತೆ ಅದೇ ಮಾತು.

ಎದೆ ಹೊಡೆದುಕೊಳ್ಳುವುದನ್ನಾದರೂ ತಡೆದುಕೊಳ್ಳಬಹುದಿತ್ತು. ಅದರ ಹಿಂದೆ ಬರುತ್ತಿದ್ದ ಬರಿದು ಭಾವ ಇನ್ನೂ ಕೆಟ್ಟದ್ದು. ಹತ್ತನೆಯ ತರಗತಿಗೆ ಲೆಕ್ಕ ಬಿಡಿಸುತ್ತ ಹಲಗೆಯಿಂದ ತಿರುಗಿ ಮಕ್ಕಳ ಮುಖ ನೋಡಿದರೆ, ಇವರೆಲ್ಲರೂ ಒಂದು ದಿನ ಇರುವುದಿಲ್ಲ, ಮತ್ತೆ ಇದನ್ನೆಲ್ಲ ಯಾತಕ್ಕೆ ಹೇಳಿಕೊಡುತ್ತಿದ್ದೇನೆ ಅನಿಸುತ್ತಿತ್ತು. ರೊಟ್ಟಿ ಬಡಿಯುವಾಗಲೂ ಅದೇ. ಮಗಳ ಜಡೆ ಹಾಕುವಾಗಲೂ ಅದೇ. ಫೋನು ಬೇರೆ ಶತ್ರುವಾಗಿತ್ತು. ಮದುವೆಯಲ್ಲಿ ಕುಣಿಯುತ್ತ ಬಿದ್ದವರು, ಜಿಮ್ಮಿನಲ್ಲಿ ಬಿದ್ದವರು, ಕ್ರಿಕೆಟ್ ಆಡುತ್ತ ಬಿದ್ದವರು. ಒಂದು ಸಲ ಪೂರ್ತಿ ನೋಡಿದ್ದಕ್ಕೆ ಅಂಥವನ್ನೇ ಹುಡುಕಿ ಹುಡುಕಿ ನನ್ನ ಮುಂದೆ ತಂದಿಡುತ್ತಿತ್ತು. ನೋಡಬಾರದು ಅಂದುಕೊಂಡೇ ನೋಡುತ್ತಿದ್ದೆ.

ಕಡೆಗೆ ಗೆಳತಿಯೇ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಗೆಳತಿಯದು ಬೌದ್ಧ ಕುಟುಂಬ. ಮನೆಯಲ್ಲಿ ದಿನಾ ಸಂಜೆ ವಂದನೆ ನಡೆಯುತ್ತದೆ. ಡಾಕ್ಟರರ ಕೋಣೆಯ ಹೊರಗೆ ಕಾಯುವಾಗ ನಾನು, "ನಿಮಗ ಇಂಥಾದೆಲ್ಲಾ ಬರೂದಿಲ್ಲ ಬಿಡ್ರಿ, ನಿಮ್ಮ ಮನ್ಯಾಗ ಸಣ್ಣವ್ರಿದ್ದಾಗಿಂದ ಎಲ್ಲಾ ಅನಿತ್ಯ ಅಂತ ಕಲಸ್ತಾರ" ಅಂದೆ. ಅವರು ನಕ್ಕರು. "ದಿನಾ ಅಂತೀವಿ ಖರೆ ರೀ. ನಮ್ಮ ಅಪ್ಪಗ ಎದಿನೋವ ಬಂದಾಗ ಒಂದೂ ನೆಪ್ಪಿಗಿ ಬರ್ಲಿಲ್ಲ. ದವಾಖಾನಿ ಮೆಟ್ಟಲದ ಮ್ಯಾಲ ಕುಂತ ಹೋ ಅಂತ ಅತ್ತೇನಿ" ಎಂದರು. ಆ ಮಾತು ಕೇಳಿ ಯಾಕೋ ಸ್ವಲ್ಪ ಹಗುರಾಯಿತು.

ಡಾಕ್ಟರು ಗುಳಿಗೆ ಕೊಟ್ಟರು, ಮಾತಾಡಿಸಿದರು, ಆಗಾಗ ಬರಲು ಹೇಳಿದರು. ಗಂಡನಿಗೆ ಹೇಳಿದ್ದೆ. ಮಾವನವರಿಗೆ ಮಾತ್ರ ಬಿ.ಪಿ. ಗುಳಿಗೆ ಎಂದು ಸುಳ್ಳು ಹೇಳಿದ್ದೆ. ಅಂಥ ಗಟ್ಟಿ ಮನುಷ್ಯನ ಎದುರಿಗೆ, ಮಾಮಾರ, ನನಗೆ ಸಾಯುವ ಅಂಜಿಕೆ ಎಂದು ಯಾವ ಬಾಯಿಂದ ಹೇಳಲಿ?

ಬೇಸಿಗೆ ರಜೆಯಲ್ಲಿ ಕೆಲಸ ಶುರುವಾಯಿತು. ಸಮಾಧಿ ಕಟ್ಟಲು ಕೊಣ್ಣೂರದಿಂದ ಒಬ್ಬ ಗೌಂಡಿ ಬಂದ. ನಡುವಯಸ್ಸಿನವನು, ಮಾತುಗಾರ. ಮೋಟರ್ ರಿವೈಂಡಿಂಗ್ ಅಂಗಡಿಗೆ ಬೇಸಿಗೆಯೇ ಸುಗ್ಗಿ. ಬೋರಿನ ಮೋಟರುಗಳೆಲ್ಲ ಸುಟ್ಟು ಬರುವ ಕಾಲ. ಹಾಗಾಗಿ ನನ್ನ ಗಂಡನಿಗೆ ಬಿಡುವಿರಲಿಲ್ಲ. "ನಿನಗರ ಸೂಟಿ ಐತಿ, ಬುತ್ತಿ ತಗೊಂಡ ಅಪ್ಪನ ಜೋಡಿ ಹೋಗಿ ಬಾ. ಬಿಸಲಾಗ ಒಬ್ಬಾವನ್ನ ಬಿಡಾಕ ಆಗೂದಿಲ್ಲ" ಎಂದರು. ಹೇಗೆ ಒಲ್ಲೆ ಅನ್ನಲಿ? ಇಷ್ಟೊಂದು ಅಂಜುವ ನಾನು ಆ ರಜೆಯನ್ನೆಲ್ಲ ಒಂದು ಸಮಾಧಿಯ ಬಾಜೂ ಬೇವಿನ ಗಿಡದ ಕೆಳಗೆ ಕೂತು ಕಳೆದೆ.

ಕುಣಿ ತೋಡಿ, ಒಳಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಇಳಿಯಲು ಮೆಟ್ಟಿಲು ಮಾಡಿ, ಒಂದು ಬದಿಗೆ ಕೂರುವ ಗೂಡು ಕಟ್ಟುವುದು. ಮೇಲೆ ಪರಸಿ ಕಲ್ಲಿನ ಚಪ್ಪಡಿ ಮುಚ್ಚುವುದು. ಮಾವನವರಿಗೆ ಇದು ಮನೆ ಕಟ್ಟಿಸುವ ಸಂಭ್ರಮವೇ ಆಗಿತ್ತು. ಗಿಲಾವು ಸರಿಯಾಗಿಲ್ಲ ಎಂದು ಜಗಳ ತೆಗೆಯುತ್ತಿದ್ದರು. ಸಿಮೆಂಟಿಗೆ ತಾವೇ ನೀರು ಉಣಿಸುತ್ತಿದ್ದರು. ಗೂಡು ಕಟ್ಟುವ ದಿನ ಗೌಂಡಿ ತಲೆ ಕೆರೆಯುತ್ತ, "ಯಜಮಾನ್ರ, ಅಳತಿ ಬೇಕಾಗೇತಿ. ಒಮ್ಮೆ ಇಳದ ಕುಂತ ತೋರಸ್ತೀರೇನ್ರಿ?" ಎಂದ.

ಮಾವನವರು ತಲೆಯ ಪಟಗಾ ಸರಿಮಾಡಿಕೊಂಡು, ಧೋತರ ಎತ್ತಿ ಕಟ್ಟಿ, ಮೆಟ್ಟಿಲು ಇಳಿದು, ಗೂಡಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತರು.

"ತಲಿ ತಾಕತೈತಿ. ಎತ್ತರ ಮಾಡ."

"ಪಟಗಾ ತಗದ ಕುಂಡ್ರರಿ, ಬರೋಬ್ಬರಿ ಆಕ್ಕೈತಿ."

"ಏ, ಪಟಗಾ ಬಿಟ್ಟ ಹೋಗಾವಲ್ಲೋ ನಾ!"

ಗೌಂಡಿ ಬಿದ್ದು ಬಿದ್ದು ನಕ್ಕ. ಮಾವನವರು ಅಲ್ಲಿಂದಲೇ, "ಯವ್ವಾ, ಬಾಳ ತಂಪ ಐತಿ ನೋಡಿಲ್ಲೆ! ಇಲ್ಲೇ ಒಂದ ಕಪ್ ಚಾ ಕೊಡು" ಎಂದು ಕೂಗಿದರು. ಥರ್ಮಾಸು ಹಿಡಿದು ಅಂಚಿಗೆ ಹೋದೆ. ಕೆಳಗೆ, ಹಸಿ ಸಿಮೆಂಟಿನ ವಾಸನೆಯ ನಡುವೆ, ನೆರಳಿನಲ್ಲಿ ಅವರ ಮುಖ ಅರ್ಧವಷ್ಟೇ ಕಾಣುತ್ತಿತ್ತು. ಹೆಣಗಳನ್ನು ಅವರು ಹಾಗೇ ಕೂರಿಸುತ್ತಿದ್ದುದು. ಕಪ್ಪು ಕೈಗೆ ಕೊಟ್ಟವಳೇ ಕಬ್ಬಿನ ಬದುವಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. "ಬಿಸಲ ಹತ್ತೇತಿ ಪಾಪ" ಎಂದು ಗೌಂಡಿ ನನಗೆ ನೀರು ತಂದುಕೊಟ್ಟ.

ಸುದ್ದಿ ಹಬ್ಬಿತು. ಮಂದಿ ನೋಡಲು ಬರತೊಡಗಿದರು. ಕೌಜಲಗಿಯ ಕಡೆಯಿಂದ ಬೈಕಿನಲ್ಲಿ ಬಂದು ಸಮಾಧಿಯ ಜೊತೆ ಸೆಲ್ಫಿ ತೆಗೆದುಕೊಂಡು ಹೋದವರೂ ಇದ್ದರು. ಕೆಲಸ ಮುಗಿಯುವ ಹಿಂದಿನ ದಿನ ಮೂಡಲಗಿಯಿಂದ ಯೂಟ್ಯೂಬ್ ಚಾನೆಲ್ಲಿನವನೊಬ್ಬ ಮೈಕು ಹಿಡಿದು ಬಂದ.

"ಯಜಮಾನ್ರ, ಸಾವು ಅಂದ್ರ ನಿಮಗ ಅಂಜಿಕಿ ಇಲ್ಲೇನ್ರಿ?"

"ಅಂಜಿಕಿ ಯಾತರದೋ ತಮ್ಮಾ? ಎಷ್ಟ ಮಂದೀನ ನನ್ನ ಕೈಲೆ ಕುಂಡ್ರಿಸಿ ಬಂದೇನಿ. ನಾಳೆ ನಾ ಕುಂಡ್ರತೇನಿ. ಅಷ್ಟ."

ವಿಡಿಯೋ ಎಲ್ಲ ಕಡೆ ಓಡಿತು. ಹುಕ್ಕೇರಿಯಲ್ಲಿ ನಮ್ಮ ಶಾಲೆಯವರೂ ನೋಡಿದರು. ರಜೆ ಮುಗಿಸಿ ಹೋದ ಮೊದಲ ದಿನವೇ ಹೆಡ್ ಮಾಸ್ತರರು, "ಎಂಥಾ ಮನಷ್ಯಾ ಅದಾರ್ರಿ ನಿಮ್ಮ ಮಾವನವ್ರು! ಪುಣ್ಯಾ ಮಾಡೀರಿ" ಎಂದರು. ಹೌದ್ರಿ ಎಂದು ನಕ್ಕೆ. ಪರ್ಸಿನಲ್ಲಿ ನನ್ನ ಗುಳಿಗೆಯ ಪಟ್ಟಿ ಇತ್ತು.

ಮಾವನವರು ಬದಲಾದದ್ದು ಅದೇ ಮಳೆಗಾಲದ ಮೊದಲಲ್ಲಿ. ಬೆಳಗಿನ ಬಸ್ಸಿಗೆ ಹೋಗುವುದನ್ನು ಬಿಟ್ಟರು. ಕೇಳಿದರೆ ಮಣಕಾಲು ನೋವು ಎಂದರು. ಹಾಗಾದರೆ ಮಗನ ಬೈಕಿನ ಮೇಲೆ ಹೋಗಿರಿ ಎಂದರೆ, ಹೊಲದಲ್ಲಿ ಈಗೇನು ಕೆಲಸ ಎಂದರು. ಬಿತ್ತುವ ಕಾಲದಲ್ಲಿ ಹೊಲದಲ್ಲಿ ಏನು ಕೆಲಸ ಎನ್ನುವ ರೈತರನ್ನು ನಾನು ನೋಡಿರಲಿಲ್ಲ. ಊಟ ಕಡಿಮೆಯಾಯಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಖಾಲಿ ಮನೆಯಲ್ಲಿ ಟಿ.ವಿ. ದೊಡ್ಡದಾಗಿ ಹಚ್ಚಿಟ್ಟುಕೊಂಡು, ಅದರ ಕಡೆ ಬೆನ್ನು ಮಾಡಿ ಕೂತಿರುತ್ತಿದ್ದರು. ಬಚ್ಚಲ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಮಗಳು ಒಮ್ಮೆ ಗೊತ್ತಿಲ್ಲದೆ ಬಾಗಿಲು ದೂಡಿ, ಕಿರುಚಿ ಓಡಿ ಬಂದಳು. ಊರಿನಿಂದ ಯಾರದೋ ಸಾವಿಗೆ ಕರೆ ಬಂದಾಗ, ಮೈಯಲ್ಲಿ ಹುಷಾರಿಲ್ಲ ಎಂದು ಮೊದಲ ಬಾರಿ ಹೋಗಲಿಲ್ಲ. ಎದೆ ಹಿಡಿದಂತೆ ಆಗುತ್ತದೆ ಎಂದಿದ್ದಕ್ಕೆ ನನ್ನ ಗಂಡ ದವಾಖಾನೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ ಬಂದರು. "ಏನೂ ಇಲ್ಲಂತ. ವಯಸ್ಸಿಗಿ ತಕ್ಕ ಚೊಲೋ ಐತಂತ" ಎಂದರು. ಗಂಡನಿಗೆ ನಿರಾಳವಾಯಿತು. ನನಗೆ ಆಗಲಿಲ್ಲ. ಈ ಮಾತನ್ನು ನಾನು ಎಲ್ಲೋ ಕೇಳಿದ್ದೆನಲ್ಲ ಅನಿಸಿತು. ಆದರೂ ಅವರ ವಿಷಯದಲ್ಲಿ ಹಾಗೆಂದು ಯೋಚಿಸುವುದೇ ತಪ್ಪು ಎಂದು ಸುಮ್ಮನಾದೆ.

ಒಂದು ಭಾನುವಾರ ಮುಂಜಾನೆ ಅವರು ದಾಡಿ ಮಾಡಿಸಿಕೊಳ್ಳಲು ಓಣಿಯ ಕಟಿಂಗ್ ಅಂಗಡಿಗೆ ಹೋದರು. ನಾನು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಗೇಟು ತಳ್ಳಿಕೊಂಡು ಬಂದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ. ಪಟಗಾ ಇರಲಿಲ್ಲ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅಂಗಡಿಯವನು ಪಟಗಾ, ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಓಡಿ ಬಂದ. "ನಾ ಏನೂ ಮಾಡಿಲ್ರಿ ಬಾಯಾರ. ಬಿಳೇ ಬಟ್ಟಿ ಕಟ್ಟಿ ಕುಂಡ್ರಿಸಿದ್ನಿ, ಅರ್ಧಾ ಆಗಿತ್ತು. ಒಮ್ಮಿಂದೊಮ್ಮೆಲೆ ಬಟ್ಟಿ ಕಿತ್ತ ಒಗದ ಎದ್ದ ಬಂದ್ರು" ಎಂದ.

ಅವನನ್ನು ಕಳಿಸಿದೆ. ಮಾವನವರು ಹೊರಗಿನ ಕಟ್ಟೆಯ ಮೇಲೆ ಕೂತು ಬಾಯಿಂದ ಉಸಿರು ಎಳೆಯುತ್ತಿದ್ದರು. ಎರಡೂ ಕೈಯನ್ನು ತೊಡೆಗೆ ತಿಕ್ಕುತ್ತಿದ್ದರು. ಆ ಕೈಗಳನ್ನು ನೋಡಿ ನನಗೆ ಎಲ್ಲ ತಿಳಿಯಿತು.

"ಮಾಮಾರ, ಕೈ ಜುಮ್ ಅನ್ನಾಕತ್ತಾವೇನ್ರಿ?"

ಹೂಂ ಎಂದು ತಲೆ ಆಡಿಸಿದರು.

"ಉಸರ ಸಾಲವಲ್ದು ಅನಸ್ತೈತಿ. ಓಡಿ ಹೋಗಬೇಕು ಅನಸ್ತೈತಿ. ಎಲ್ಲಿಗಿ ಅಂತ ಗೊತ್ತಾಗೂದಿಲ್ಲ. ಹೌದಿಲ್ರಿ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ನಿನಗ ಹೆಂಗ ಗೊತ್ತ?"

"ನನಗೂ ಹಂಗ ಆಗ್ತೈತ್ರಿ. ವರ್ಷದ ಮ್ಯಾಲ ಆತು. ಅವು ಬಿ.ಪಿ. ಗುಳಗಿ ಅಲ್ರಿ."

ಒಳಗೆ ಹೋಗಿ ನೀರು ತಂದೆ. ಅವರ ಪಕ್ಕದಲ್ಲಿ ಕೂತು, ಡಾಕ್ಟರು ನನಗೆ ಹೇಳಿಕೊಟ್ಟ ಹಾಗೆ ನಿಧಾನವಾಗಿ ಉಸಿರು ಬಿಡುವುದನ್ನು ತೋರಿಸಿದೆ. ಮೊದಲು ಅವರಿಗೆ ಆಗಲಿಲ್ಲ. ನಾನು ಬಿಟ್ಟ ಹಾಗೆ ನೀವೂ ಬಿಡಿ ಎಂದೆ. ಸೊಸೆ ಮಾವ ಇಬ್ಬರೂ ಹಾಡುಹಗಲು ಕಟ್ಟೆಯ ಮೇಲೆ ಕೂತು ಉಫ್ ಉಫ್ ಎಂದು ಉಸಿರು ಬಿಡುತ್ತಿದ್ದೆವು. ಹಾಲಿನವನು ಬಂದು ನೋಡಿ ಏನೂ ಕೇಳದೆ ಪಾತ್ರೆಗೆ ಹಾಲು ಹೊಯ್ದು ಹೋದ. ನೊರೆ ಅವರ ಕೆನ್ನೆಯ ಮೇಲೆ ಒಣಗಿ ಬಿಳಿ ಪಟ್ಟಿಯಾಗಿತ್ತು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಅದುವರೆಗೆ ನಾನು ಅವರ ಮುಖ ಮುಟ್ಟಿದವಳಲ್ಲ.

ಆಮೇಲೆ ಅವರಾಗಿಯೇ ಹೇಳಿದರು.

"ಕಡೀ ದಿನಾ ಪರಸಿ ಮುಚ್ಚಿ ನೋಡೂಣು ಅಂದಾ ಗೌಂಡಿ. ಕೂಡ್ತೈತೋ ಇಲ್ಲೋ ಅಂತ. ನೀ ಆಚಿ ಗಿಡದ ಬುಡಕ ಬುತ್ತಿ ಬಿಚ್ಚಾಕ ಹೋಗಿದ್ದಿ. ನಾನಽ ಅಂದ್ನಿ, ತಡೀಪಾ, ಒಳಗ ಕುಂತ ನೋಡ್ತೇನಿ, ಮುಚ್ಚು ಅಂತ. ಬಾಳ ಶಾಣ್ಯಾನಂಗ. ಗೌಂಡಿ, ಅವನ ಆಳು ಕೂಡಿ ಕಲ್ಲ ಎಳದ್ರು. ಮೊದಲ ಚೊಲೋನಽ ಇತ್ತು. ಬೆಳಕ ಸಣ್ಣ ಆಕ್ಕೋತ ಹೋತು. ಕಡೀಕ ಬೆರಳಗಲ ಉಳೀತು. ಆಮ್ಯಾಲ ಅದೂ ಇಲ್ಲ."

ಅವರು ಎರಡು ಗುಟುಕು ನೀರು ಕುಡಿದರು.

"ಸಾಕು ತಗೀರಿ ಅಂದ್ನಿ. ಯಾರಿಗೂ ಕೇಳಸ್ಲಿಲ್ಲ. ಅವರು ಮ್ಯಾಲ ನಿಂತ ನಗಾಕತ್ತಿದ್ರು, ಅದ ನನಗ ಕೇಳತಿತ್ತು. ಒಂದೀಟ ಹೊತ್ತ ಅಷ್ಟ ಯವ್ವಾ. ಅಷ್ಟರಾಗ ತಿಳೀತು. ಇಷ್ಟ ಮಂದೀನ ನಾ ಕುಂಡ್ರಿಸಿ ಬಂದದ್ದ ಬ್ಯಾರೆ, ನಾ ಕುಂಡ್ರೂದ ಬ್ಯಾರೆ ಅಂತ."

"ಯಾಕ ಹೇಳ್ಲಿಲ್ರಿ ಯಾರಿಗೂ?"

"ಮರದಿನಾನಽ ಆ ವಿಡಿಯೋ ಬಂತಲ್ಲಾ. ಬಸ್ ಸ್ಟ್ಯಾಂಡನ್ಯಾಗ ಕಾಲ ಮುಟ್ಟಿ ನಮಸ್ಕಾರ ಮಾಡ್ತಾರ. ಏನಂತ ಹೇಳ್ಲಿ?"

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ನಾನೇ ಹೇಳಿದೆ. ಅವರು ಕೈ ತೊಳೆಯುವುದನ್ನು ನಿಲ್ಲಿಸಿ, ನಲ್ಲಿಯ ನೀರು ಹಾಗೇ ಬಿಟ್ಟುಕೊಂಡು ನಿಂತರು. "ಅಪ್ಪಗೂ ಅಂಜಿಕಿ ಬರ್ತೈತಿ ಅಂತ ನನಗ ಗೊತ್ತಽ ಇರ್ಲಿಲ್ಲ" ಎಂದರು. ಆ ದಿನ ಅಂಗಡಿಗೆ ವಾಪಸು ಹೋಗಲಿಲ್ಲ. ತಂದೆಯ ಮಂಚದ ಹತ್ತಿರ ಕುರ್ಚಿ ಹಾಕಿಕೊಂಡು ಕಬ್ಬಿನ ಮಾತು, ಕರೆಂಟಿನ ಮಾತು ಆಡುತ್ತ ಕೂತರು.

ಮುಂದಿನ ವಾರ ನನ್ನ ಡಾಕ್ಟರರ ಹತ್ತಿರ ಮಾವನವರನ್ನು ಕರೆದುಕೊಂಡು ಹೋದೆ. ನಾವಿಬ್ಬರೂ ಒಳಗೆ ಹೋದಾಗ ಅವರು ನನ್ನನ್ನು ನೋಡಿ, ಮಾವನವರನ್ನು ನೋಡಿ, "ಇವತ್ತ ಪೇಷಂಟ್ ಯಾರ್ರಿ?" ಎಂದರು.

"ಇಬ್ರೂ ರೀ" ಎಂದರು ಮಾವನವರು.

ಅಲ್ಲಿಂದ ನಮ್ಮಿಬ್ಬರ ನಡುವೆ ಹೊಸ ಸಲಿಗೆ ಬೆಳೆಯಿತು. ನಾನು ಶಾಲೆಯಿಂದ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಲೋ ಕಾಯಿಪಲ್ಲೆ ಸೋಸುತ್ತಲೋ ಮಾತಾಡುತ್ತಿದ್ದೆವು. "ಇವತ್ತ ಬಂತೇನ?" ಎಂದು ಅವರು ಕೇಳುತ್ತಿದ್ದರು, ನೆಂಟರು ಬಂದರೇ ಎಂದು ಕೇಳುವ ಹಾಗೆ. "ಮೂರನೇ ಪಿರೇಡಿನ್ಯಾಗ ಬಂದಿತ್ರಿ, ಹೋತು" ಎಂದು ನಾನು. "ನನಗ ನಾಷ್ಟಾ ಮಾಡೂ ಮುಂದ ಬಂದಿತ್ತು. ಉಪ್ಪಿಟ್ಟ ಚೊಲೋ ಆಗಿತ್ತು, ಅದಕ್ಕ ಗಮನಾ ಕೊಡ್ಲಿಲ್ಲ" ಎಂದು ಅವರು. ಫೋನಿನಲ್ಲಿ ಆ ವಿಡಿಯೋಗಳನ್ನು ನೋಡುವುದನ್ನು ನಾನು ಬಿಟ್ಟದ್ದು ಆಗಲೇ. ಒಬ್ಬಳೇ ಕೂತಾಗ ಮಾತ್ರ ಅವನ್ನು ನೋಡಬೇಕೆನಿಸುತ್ತಿತ್ತು. ಈಗ ಸಂಜೆ ಒಬ್ಬಳೇ ಇರುತ್ತಿರಲಿಲ್ಲ.

ಒಮ್ಮೆ ಅವರು ಕೇಳಿದರು. "ನೀ ಸಾಲಿ ಕಲತಾಕಿ. ಸತ್ತ ಮ್ಯಾಲ ಏನಿರ್ತೈತಿ?"

"ನನಗ ಗೊತ್ತಿಲ್ರಿ ಮಾಮಾರ."

"ನನಗೂ ಗೊತ್ತಿಲ್ಲ. ಇಷ್ಟ ದಿನಾ ಗೊತ್ತೈತಿ ಅನ್ಕೊಂಡಿದ್ನಿ." ಒಂದು ಶೇಂಗಾ ಸುಲಿದು, "ಗೊತ್ತಿಲ್ಲ ಅನ್ನಾಕ ಒಬ್ಬರು ಜೋಡಿ ಇದ್ರ ಆರಾಮ ಅನಸ್ತೈತಿ ನೋಡು" ಎಂದರು.

ಅವರ ಈ ಮಾತಿನಿಂದ ನನ್ನ ಅಂಜಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಆದರೆ ಆ ಒಂದು ವರ್ಷ ನಾನು ಕಂಗೆಟ್ಟಿದ್ದು ಸಾವಿನಿಂದ ಮಾತ್ರವಲ್ಲ, ಈ ಭಯ ನನ್ನೊಬ್ಬಳಿಗೇ, ಉಳಿದವರೆಲ್ಲ ಆರಾಮವಾಗಿದ್ದಾರೆ ಎಂಬ ಭ್ರಮೆಯಿಂದ ಕೂಡ. ಬಸ್ಸಿನ ತುಂಬ ಕೂತವರು, ಸ್ಟಾಫ್ ರೂಮಿನಲ್ಲಿ ನಗುವವರು, ಎಲ್ಲರೂ ಯಾವುದೋ ಉತ್ತರ ತಿಳಿದುಕೊಂಡೇ ಬದುಕುತ್ತಿದ್ದಾರೆ, ನನಗೊಬ್ಬಳಿಗೇ ಹೇಳಿಲ್ಲ ಅನಿಸುತ್ತಿತ್ತು. ಹೆಣಗಳನ್ನು ಕೂರಿಸಿ ಬಂದು ಪಲ್ಯ ಕೇಳುತ್ತಿದ್ದ ಮನುಷ್ಯನಿಗೂ ಆ ಉತ್ತರ ಗೊತ್ತಿಲ್ಲ ಎಂದ ಮೇಲೆ ನನಗೆ ಗೊತ್ತಿಲ್ಲದ್ದು ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ.

ದಸರೆಯ ಸುಮಾರಿಗೆ ಅವರು ಮತ್ತೆ ಹೊಲಕ್ಕೆ ಹೋಗುವ ಮನಸ್ಸು ಮಾಡಿದರು. ನಾವು ಮೂವರೂ ಹೋದೆವು. ಅವರು ಸಮಾಧಿಯಿಂದ ದೂರವೇ ನಿಂತರು. ಅತ್ತೆಯ ಮಣ್ಣಿನ ದಿಬ್ಬದ ಹತ್ತಿರ ಕೂತು, ಮೇಲೆ ಬೆಳೆದಿದ್ದ ಕರಿಕೆ ಹುಲ್ಲನ್ನು ಕೈಯಿಂದ ಸವರಿ, ಮಗನಿಗೆ ಹೇಳಿದರು.

"ನನ್ನ ಇಲ್ಲೆ ಮಣ್ಣಾಗ ಇಡ್ರಿ. ಆ ಸಿಮಿಟಿನ್ಯಾಗ ಬ್ಯಾಡ."

"ಅಲ್ಲೋ ಅಪ್ಪಾ, ಮಳಿಗಾಲದಾಗ ನೀರ ಬರ್ತೈತಿ ಅಂತ ನೀನಽ..."

"ಬಂದ್ರ ಬರ್ಲಿ. ಆಕಿಗೂ ಬಂದಿತ್ತು."

ಗಂಡ ಪರಸಿ ಸರಿಸಿ ಸಮಾಧಿಯನ್ನು ಹಾಗೇ ತೆರೆದಿಟ್ಟರು. ಒಳಗೆ ನೀರಾವರಿಯ ಪೈಪು, ಹಳೆಯ ಸ್ಟಾರ್ಟರು, ಗೊಬ್ಬರದ ಖಾಲಿ ಚೀಲ ಸೇರಿಕೊಂಡವು. ಸಿಮೆಂಟು ಗಟ್ಟಿಯಾಗಿಯೇ ಇತ್ತು. ಒಂದು ಹನಿ ನೀರೂ ಒಸರಲಿಲ್ಲ. ಹೊಲದ ಸಾಮಾನಿಗೆ ಇಷ್ಟು ಚೆನ್ನಾದ ಜಾಗ ಸುತ್ತಲಿನ ಯಾರ ಹೊಲದಲ್ಲೂ ಇಲ್ಲ ಎಂದು ಮಾವನವರೇ ಹೇಳಿ ನಕ್ಕಿದ್ದರು.

ಅವರು ತೀರಿಕೊಂಡದ್ದು ಅದರ ಮುಂದಿನ ಚಳಿಗಾಲದಲ್ಲಿ. ಎದೆಯಲ್ಲಿ ಕಫ ಕಟ್ಟಿ ಗೋಕಾಕದ ದವಾಖಾನೆಯಲ್ಲಿ ಇಟ್ಟಿದ್ದೆವು. ಮಂಚದ ಪಕ್ಕ ದೊಡ್ಡ ಕಿಟಕಿ. ಹೊತ್ತೇರಿದ ಮೇಲೆ ಬಿಸಿಲು ಹಾಸಿಗೆಯ ಮೇಲೆ ಬೀಳುತ್ತಿತ್ತು. ಕಡೆಯ ದಿನ ಅವರಿಗೆ ಮಾತು ಕಷ್ಟವಾಗಿತ್ತು. ಗಂಡ ಔಷಧ ತರಲು ಕೆಳಗೆ ಹೋಗಿದ್ದರು. ನಾನು ಕೈ ಹಿಡಿದುಕೊಂಡು ಕೂತಿದ್ದೆ.

"ಅಂಜಿಕಿ ಬರಾಕತ್ತೇತೇನ್ರಿ?" ಎಂದೆ.

"ಬರ್ತೈತಿ... ಹೋಗ್ತೈತಿ."

"ನಾ ಇಲ್ಲೇ ಅದೇನ್ರಿ."

"ಹೂಂ." ಕಣ್ಣು ತೆರೆದು ನನ್ನ ಕಡೆ ನೋಡಿ, "ನೀ ಊಟಾ ಮಾಡಿದಿ ಏನ?" ಎಂದರು.

ಮಾಡೇನ್ರಿ ಎಂದೆ. ಮಾಡಿರಲಿಲ್ಲ. ಆಮೇಲೆ ಅವರು ಮಾತಾಡಲಿಲ್ಲ. ಉಸಿರು ನಿಂತದ್ದು ಯಾವಾಗ ಎಂದು ಪಕ್ಕದಲ್ಲೇ ಇದ್ದ ನನಗೂ ಸರಿಯಾಗಿ ಗೊತ್ತಾಗಲಿಲ್ಲ. ಒಂದು ಉಸಿರು ಬಂತು, ಇನ್ನೊಂದಕ್ಕೆ ನಾನು ಕಾದೆ, ಅದು ಬರಲಿಲ್ಲ. ನಾನು ಜೀವಮಾನದಲ್ಲಿ ಅತಿ ಹೆಚ್ಚು ಅಂಜಿದ್ದ ವಿಷಯ ನನ್ನ ಕೈಯಳತೆಯಲ್ಲೇ ನಡೆಯಿತು. ಆಗ ನನಗೆ ಅಂಜಿಕೆಯಾಗಲಿಲ್ಲ, ಬಹಳ ದುಃಖವಾಯಿತು. ಎರಡೂ ಬೇರೆ ಬೇರೆ ಎಂದು ಅಂದು ತಿಳಿಯಿತು. ಅಂಜಿಕೆ ಬಂದದ್ದು ಕಾರ್ಯವೆಲ್ಲ ಮುಗಿದು ಶಾಲೆಗೆ ಹೋಗತೊಡಗಿದ ಮೇಲೆ. ಅದನ್ನು ಹೇಳಲು ಸಂಜೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಈಗ ಗಂಡನಿಗೆ ಹೇಳುತ್ತೇನೆ. ಮೊದಮೊದಲು ಅವರು ತಕ್ಷಣ ಧೈರ್ಯ ಹೇಳಲು ಶುರುಮಾಡುತ್ತಿದ್ದರು. ಧೈರ್ಯ ಬೇಡ, ಬರೀ ಕೇಳಿರಿ ಎಂದೆ. ಕಲಿಯುತ್ತಿದ್ದಾರೆ. ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದಾರೆ.

ಮಾವನವರನ್ನು ಮಣ್ಣು ಮಾಡಿದಾಗ ಎಲ್ಲರೂ ಕೇಳಿದರು, ಅಷ್ಟು ಚಂದ ಕಟ್ಟಿಸಿದ್ದರಲ್ಲ, ಅದರಲ್ಲಿ ಯಾಕೆ ಇಡಲಿಲ್ಲ ಎಂದು. ಗಂಡ ಏನೋ ಹೇಳಿ ಜಾರಿಕೊಳ್ಳುತ್ತಿದ್ದರು. ನಾನು ಮೊದಲು ಸುಮ್ಮನಿದ್ದೆ. ದಿವಸದ ಊಟದ ದಿನ ಹೆಣ್ಣುಮಕ್ಕಳ ಗುಂಪಿನಲ್ಲಿ ಒಬ್ಬರು ಮತ್ತೆ ಅದನ್ನೇ ಕೇಳಿದಾಗ, "ಅವ್ರಿಗಿ ಅದರಾಗ ಕುಂತ ಮ್ಯಾಲ ಅಂಜಿಕಿ ಆಗಿತ್ರಿ. ಡಾಕ್ಟರ್ ಕಡೆ ತೋರಿಸಿ ಆರಾಮ ಆದ್ರು. ಮಣ್ಣಾಗ ಇಡ್ರಿ ಅಂದಿದ್ರು, ಅದಕ್ಕ" ಎಂದುಬಿಟ್ಟೆ. ಅವರ ಮರ್ಯಾದೆ ಕಳೆದೆನೇ ಎಂದು ಒಂದು ಗಳಿಗೆ ಅನುಮಾನವಾಯಿತು. ಯಾರೂ ನಗಲಿಲ್ಲ. ಬಡಿಸುವವರು ಹುಗ್ಗಿ ತಂದರು, ಮಾತು ಬೇರೆ ಕಡೆ ಹೋಯಿತು.

ಪಂಕ್ತಿ ಎದ್ದ ಮೇಲೆ, ಕೈ ತೊಳೆಯುವ ಡ್ರಮ್ಮಿನ ಹತ್ತಿರ, ಗಂಡನ ಕಡೆಯ ದೂರದ ಸಂಬಂಧಿಕರೊಬ್ಬರು ನಿಂತಿದ್ದರು. ದೊಡ್ಡ ಮೀಸೆಯ, ಎತ್ತರದ ಆಳು. ಅತ್ತಿತ್ತ ನೋಡಿ, ದನಿ ಇಳಿಸಿ ಕೇಳಿದರು.

"ಅಕ್ಕಾರ, ಆ ಡಾಕ್ಟರ್ ಎಲ್ಲಿ ಕುಂಡ್ರತಾರ್ರಿ?"

ಹೇಳಿದೆ. ಯಾವ ವಾರ ಸಿಗುತ್ತಾರೆ, ಎಷ್ಟು ಹೊತ್ತಿಗೆ ಹೋಗಬೇಕು ಎಂದೂ ಹೇಳಿದೆ. ಅವರು ಟವೆಲಿನಿಂದ ಕೈ ಒರೆಸುತ್ತಲೇ ಇದ್ದರು.

"ಯಾರಿಗ್ರಿ?" ಎಂದೆ.

"ನನಗಽ" ಎಂದರು. "ಮನ್ಯಾಗ ಯಾರಿಗೂ ಹೇಳಿಲ್ರಿ."

"ನನಗ ಹೇಳಿದ್ರಲ್ಲಾ. ಹಂಗಽ ಹೇಳ್ರಿ ಅವ್ರಿಗೂ."

ಅವರು ಮೀಸೆಯ ಮೇಲೆ ಕೈಯಾಡಿಸಿ, ಹೂಂ ಎಂದು, ಚಪ್ಪಲಿ ಹುಡುಕಿಕೊಂಡು ಹೋದರು. ಮನೆಯಲ್ಲಿ ಹೇಳಿದರೋ ಇಲ್ಲವೋ, ಡಾಕ್ಟರರ ಹತ್ತಿರ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ಯುಗಾದಿಗೆ ಅವರ ಮನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದಾರೆ. ಹೋದಾಗ ಕೇಳಬೇಕು.